ಹೊಸ ಲ್ಯಾಪ್‌ಟಾಪ್ ಕೆಟ್ಟಿದೆ ಅಂತ ಸಾಬೀತು ಮಾಡಲು ಇಪ್ಪತ್ತಾರು ದಿನ

ಮೂರನೇ ದಿನ ಬೆಳಿಗ್ಗೆ ಸ್ಕ್ರೀನ್ ಪೂರ್ತಿ ನೀಲಿ ಆಯಿತು. ಅಲ್ಲಿಯವರೆಗೆ ಎಲ್ಲ ಸರಿಯಾಗಿದೆ ಅಂದುಕೊಂಡಿದ್ದೆ. ಸರಿ ಇರಲಿಲ್ಲ, ನನಗೆ ಗೊತ್ತಾಗಿರಲಿಲ್ಲ ಅಷ್ಟೇ.

ಹಳೆಯ ಲ್ಯಾಪ್‌ಟಾಪಿಗೆ ಎಂಟು ವರ್ಷ ಆಗಿತ್ತು. ಫ್ಯಾನ್ ಸದ್ದು ಮಾಡುತ್ತಿತ್ತು, ಬ್ಯಾಟರಿ ಅರ್ಧ ಗಂಟೆಯೂ ನಿಲ್ಲುತ್ತಿರಲಿಲ್ಲ, ಆದರೂ ಅದು ಒಂದು ದಿನವೂ ಕೈ ಕೊಟ್ಟಿರಲಿಲ್ಲ. ಅದರಲ್ಲಿ ನಮ್ಮ ಮನೆಯ ಹಳೆಯ ಫೋಟೊಗಳೆಲ್ಲ ಇದ್ದವು. ಆಲ್ಬಮ್‌ನಿಂದ ಒಂದೊಂದಾಗಿ ಬಿಡಿಸಿ, ಧೂಳು ಒರೆಸಿ, ನಾನೇ ಕೂತು ಸ್ಕ್ಯಾನ್ ಮಾಡಿದ್ದು, ನಾಲ್ಕು ಸಾವಿರಕ್ಕೂ ಜಾಸ್ತಿ. ಎರಡು ವರ್ಷದ ಭಾನುವಾರಗಳೆಲ್ಲ ಅದಕ್ಕೇ ಹೋಗಿದ್ದವು. ಹಳೆಯದು ನಿಂತುಹೋಗುವ ಮುಂಚೆ ಅವನ್ನೆಲ್ಲ ಹೊಸದಕ್ಕೆ ದಾಟಿಸಿಬಿಡೋಣ ಅಂತ, ಒಂದು ವರ್ಷ ಹಣ ಕೂಡಿಟ್ಟು ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡೆ.

ಬಾಕ್ಸ್ ತೆಗೆದ ದಿನದ ಖುಷಿ ಹೇಳಬೇಕಾಗಿಲ್ಲ. ಸೀಲ್ ಕತ್ತರಿಸಿ, ಮುಚ್ಚಳದ ಮೇಲಿನ ತೆಳು ಪ್ಲಾಸ್ಟಿಕ್ ಎಳೆದು, ಆನ್ ಮಾಡಿದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿಲ್ಲ. ಅದು ತಪ್ಪಲ್ಲ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಗೋದಾಮಿನಲ್ಲಿಟ್ಟರೆ ಬೇಗ ಮುಪ್ಪಾಗುತ್ತದೆ, ಹಾಗಾಗಿ ಬೇಕಂತಲೇ ಅರ್ಧಂಬರ್ಧ ಚಾರ್ಜ್ ಮಾಡಿ ಕಳಿಸುತ್ತಾರೆ. ಆಮೇಲೆ ಅಪ್‌ಡೇಟ್ ಶುರುವಾಯಿತು, ಎರಡು ಗಂಟೆ. ಅದನ್ನೂ ನಾನು ಒಪ್ಪುತ್ತೇನೆ. ಕಾರ್ಖಾನೆಯಲ್ಲಿ ಸಾಫ್ಟ್‌ವೇರ್ ಹಾಕಿದ ದಿನಕ್ಕೂ ನಮ್ಮ ಕೈಗೆ ಬರುವ ದಿನಕ್ಕೂ ನಡುವೆ ತಿಂಗಳುಗಳು ಕಳೆದಿರುತ್ತವೆ, ಅಷ್ಟರಲ್ಲಿ ಬಂದ ಸೆಕ್ಯುರಿಟಿ ತೇಪೆಗಳನ್ನು ಹಾಕಲೇಬೇಕಲ್ವಾ. ಆದರೆ ಈ ಅಭ್ಯಾಸದಿಂದ ಒಂದು ಕೆಟ್ಟದ್ದೂ ಆಗಿದೆ ಅಂತ ಈಗ ಅನಿಸುತ್ತದೆ. ಹೊಸ ವಸ್ತು ಮೊದಲ ದಿನ ಸರಿಯಾಗಿ ನಡೆಯದಿದ್ದರೆ "ಅಪ್‌ಡೇಟ್ ಬಂದರೆ ಸರಿಹೋಗುತ್ತದೆ ಬಿಡು" ಅಂತ ನಮಗೆ ನಾವೇ ಸಮಾಧಾನ ಹೇಳಿಕೊಳ್ಳುವುದನ್ನು ಕಲಿತಿದ್ದೇವೆ. ನಾನೂ ಮೊದಲು ಹಾಗೇ ಅಂದುಕೊಂಡೆ.

ಎರಡನೇ ದಿನ ಫೋಟೊಗಳನ್ನೆಲ್ಲ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿ, ಅಲ್ಲಿಂದ ಹೊಸದಕ್ಕೆ ಕಾಪಿ ಮಾಡಿದೆ. ಒಂದು ಎರರ್ ಕೂಡ ಬರಲಿಲ್ಲ. ಮಾರನೇ ದಿನ ಬೆಳಿಗ್ಗೆ ಇಮೇಲ್ ಬರೆಯುತ್ತಾ ಇದ್ದೆ, ನೀಲಿ ಸ್ಕ್ರೀನ್ ಬಂತು. ಕೆಳಗೆ ಸಣ್ಣ ಅಕ್ಷರದಲ್ಲಿ "ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ" ಅಂತ ಇಂಗ್ಲಿಷಿನಲ್ಲಿ. ತಾನೇ ರೀಸ್ಟಾರ್ಟ್ ಆಯಿತು. ಮಧ್ಯಾಹ್ನ ಇನ್ನೊಂದು ಸಲ, ಈಗ "ಮೆಮೊರಿ ಮ್ಯಾನೇಜ್‌ಮೆಂಟ್". ಸಂಜೆ ಬ್ರೌಸರ್ ಸುಮ್ನೆ ಮುಚ್ಚಿಕೊಂಡಿತು, ಏನೂ ಹೇಳದೆ.

ಅವತ್ತೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಇದೊಂದು ಕೆಲಸ ಅವತ್ತೇ ಮಾಡಿದ್ದು ನನ್ನನ್ನು ಮುಂದೆ ಕಾಪಾಡಿತು, ಅದನ್ನು ಆಮೇಲೆ ಹೇಳುತ್ತೇನೆ.

"ಮೇಡಂ, ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಿದಿರಾ?"

"ಅದೇ ರೀಸ್ಟಾರ್ಟ್ ಆಗುತ್ತಿದೆ, ಅದೇ ತೊಂದರೆ."

"ಅಪ್‌ಡೇಟ್ ಎಲ್ಲ ಆಗಿದೆಯಾ ಮೇಡಂ? ಹೊಸದಾಗಿ ಏನಾದರೂ ಇನ್‌ಸ್ಟಾಲ್ ಮಾಡಿದ್ದೀರಾ? ಬೇರೆ ಚಾರ್ಜರ್ ಹಾಕಿದ್ದೀರಾ? ಬೀಳಿಸಿದ್ದೀರಾ?"

ಆ ಹುಡುಗಿಯ ಮೇಲೆ ನನಗೆ ಕೋಪ ಇಲ್ಲ. ಅವಳ ಮುಂದೆ ಇರುವ ಪಟ್ಟಿಯನ್ನು ಅವಳು ಓದುತ್ತಿದ್ದಳು, ಮರ್ಯಾದೆಯಿಂದಲೇ ಮಾತಾಡಿದಳು. ಆದರೆ ಆ ಪಟ್ಟಿಯನ್ನು ಬರೆದವರು ಯಾರೋ ಇದ್ದಾರಲ್ಲ, ಅವರು ಇಟ್ಟುಕೊಂಡಿರುವ ನಂಬಿಕೆ ನನಗೆ ಆಗ ಸ್ಪಷ್ಟವಾಗಿ ಕಂಡಿತು: ವಸ್ತು ಸರಿಯಾಗಿದೆ, ತಪ್ಪು ಮಾಡಿರುವುದು ಕೊಂಡವರು. ಪ್ರತಿಯೊಂದು ಪ್ರಶ್ನೆಯೂ ನಾನು ಏನು ಮಾಡಿದೆ ಅಂತಲೇ. ನಿಮಗೆ ಕೊಟ್ಟದ್ದರಲ್ಲಿ ಏನು ಕೊರತೆ ಇರಬಹುದು ಅಂತ ಒಂದು ಪ್ರಶ್ನೆಯೂ ಇರಲಿಲ್ಲ. ಕೊಂಡು ಮೂರು ದಿನ ಆಗಿತ್ತು. ಮೂರು ದಿನದಲ್ಲಿ ನಾನು ಏನು ತಾನೇ ಮಾಡಲು ಸಾಧ್ಯ?

ಕೊನೆಗೆ ಫ್ಯಾಕ್ಟರಿ ರೀಸೆಟ್ ಮಾಡಲು ಹೇಳಿದಳು. ಕಂಪ್ಲೇಂಟ್ ನಂಬರ್ ಕೊಡಿ ಅಂತ ಕೇಳಿದೆ. "ರೀಸೆಟ್ ಮಾಡಿ ನೋಡಿ ಮೇಡಂ, ಆಮೇಲೂ ಬಂದರೆ ನಂಬರ್ ಕೊಡುತ್ತೇವೆ" ಅಂದಳು. ಇಲ್ಲ, ಈಗಲೇ ಕೊಡಿ ಅಂತ ಪಟ್ಟು ಹಿಡಿದೆ. ಮೆಸೇಜ್ ಬಂತು, ದಿನಾಂಕ ಸಮೇತ.

ರೀಸೆಟ್ ಮಾಡುವ ಮುಂಚೆ ಫೋಟೊಗಳೆಲ್ಲ ಸರಿಯಾಗಿ ಬಂದಿವೆಯಾ ಅಂತ ನೋಡಲು ಕೂತೆ. ಅಮ್ಮ ಹತ್ತೊಂಬತ್ತು ವರ್ಷದವಳಿದ್ದಾಗ ತೆಗೆದ ಒಂದು ಫೋಟೊ ಇದೆ, ಬಾಗಿಲಿಗೆ ಒರಗಿ ನಿಂತಿದ್ದಾಳೆ, ಕಪ್ಪು ಬಿಳುಪು. ಅದನ್ನು ತೆರೆದರೆ ಹಣೆ, ಹುಬ್ಬು, ಕಣ್ಣು ಇದೆ. ಮೂಗಿನಿಂದ ಕೆಳಗೆ ಚಿತ್ರವೆಲ್ಲ ಒಂದು ಬೆರಳಿನಷ್ಟು ಪಕ್ಕಕ್ಕೆ ಜರುಗಿ, ಅದರ ಕೆಳಗೆ ಬರೀ ಬೂದು ಬಣ್ಣದ ಪಟ್ಟಿ. ನನ್ನ ಎದೆ ಧಸಕ್ಕೆಂದಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ನೋಡಿದೆ, ಅಲ್ಲಿ ಫೋಟೊ ಪೂರ್ತಿ ಇತ್ತು. ಹಾಗಾದರೆ ಡಿಸ್ಕ್ ಕೆಟ್ಟಿರಬೇಕು, ಕೇಬಲ್ ಸಡಿಲ ಇರಬೇಕು ಅಂತೆಲ್ಲ ಯೋಚಿಸಿದೆ. ಹೊಸ ಲ್ಯಾಪ್‌ಟಾಪಿನ ಮೇಲೆ ಆಗಲೂ ಅನುಮಾನ ಬರಲಿಲ್ಲ. ಹೊಸದು ಅಂದರೆ ಅಷ್ಟು ನಂಬಿಕೆ ನಮಗೆ.

ರೀಸೆಟ್ ಆದ ಮೇಲೆ ಒಂದು ದಿನ ಸುಮ್ಮನಿತ್ತು. ಆಮೇಲೆ ಮೊದಲಿಗಿಂತ ಜಾಸ್ತಿ ಆಯಿತು. ಅಪ್‌ಡೇಟ್‌ಗಳೇ ಅರ್ಧದಲ್ಲಿ ನಿಂತು "ಫೈಲ್ ಹಾಳಾಗಿದೆ" ಅನ್ನತೊಡಗಿದವು. ಇದು ಯಾಕೆ ಅಂತ ಈಗ ನನಗೆ ಗೊತ್ತು. ತೊಂದರೆ ಮೆಮೊರಿಯಲ್ಲಿ, ಅಂದರೆ ಕೆಲಸ ನಡೆಯುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ರ‍್ಯಾಮ್‌ನಲ್ಲಿ ಇದ್ದರೆ, ರೀಸೆಟ್ ಮಾಡುವಾಗ ಆಪರೇಟಿಂಗ್ ಸಿಸ್ಟಮ್‌ನ ಫೈಲುಗಳೂ ಅದೇ ಕೆಟ್ಟ ಮೆಮೊರಿಯ ಮೂಲಕವೇ ಹಾದು ಹೋಗಿ ಡಿಸ್ಕ್‌ನಲ್ಲಿ ಕೂರುತ್ತವೆ. ತೂತು ಬಿದ್ದ ಜರಡಿಯಲ್ಲಿ ಮತ್ತೆ ಮತ್ತೆ ಹಿಟ್ಟು ಜರಡಿ ಹಿಡಿದ ಹಾಗೆ.

ಒಂಬತ್ತನೇ ದಿನ ಸರ್ವಿಸ್ ಸೆಂಟರ್‌ಗೆ ಕೊಟ್ಟೆ. ಮೂರು ದಿನ ಇಟ್ಟುಕೊಂಡರು. ವಾಪಸ್ ಕೊಡುವಾಗ ಜಾಬ್ ಶೀಟ್‌ನಲ್ಲಿ ಒಂದು ಸಾಲು: "ನೋ ಫಾಲ್ಟ್ ಫೌಂಡ್". ಏನು ಟೆಸ್ಟ್ ಮಾಡಿದಿರಿ ಅಂತ ಕೇಳಿದೆ. ಲ್ಯಾಪ್‌ಟಾಪಿನಲ್ಲೇ ಬರುವ ಕ್ವಿಕ್ ಟೆಸ್ಟ್ ಓಡಿಸಿದ್ದೇವೆ, ಎಲ್ಲದಕ್ಕೂ ಹಸಿರು ಟಿಕ್ ಬಂದಿದೆ ಅಂದರು. ಎಷ್ಟು ಹೊತ್ತು ಹಿಡಿಯಿತು ಅಂದರೆ, ಹದಿನೈದು ನಿಮಿಷ. ಮೂರು ದಿನದಲ್ಲಿ ಹದಿನೈದು ನಿಮಿಷ.

ಆ ಮೂರು ಪದಗಳ ಬಗ್ಗೆ ಹೇಳಲೇಬೇಕು. ರಿಪೇರಿ ಕೆಲಸದವರ ನಡುವೆ ಇದು ತುಂಬ ಹಳೆಯ ಮಾತು. ವಿಮಾನದ ಬಿಡಿಭಾಗಗಳನ್ನು ನೋಡುವವರಿಂದ ಹಿಡಿದು ಫೋನ್ ರಿಪೇರಿಯವರವರೆಗೆ ಎಲ್ಲರಿಗೂ ಗೊತ್ತು. ಅದರ ನಿಜವಾದ ಅರ್ಥ "ನಾವು ನೋಡಿದ ಹೊತ್ತಿನಲ್ಲಿ, ನಾವು ಮಾಡಿದ ಟೆಸ್ಟಿನಲ್ಲಿ ತೊಂದರೆ ಕಾಣಲಿಲ್ಲ" ಅಂತ. ಆದರೆ ಕೌಂಟರಿನಲ್ಲಿ ಅದನ್ನು ನಮಗೆ ಕೊಡುವಾಗ "ತೊಂದರೆಯೇ ಇಲ್ಲ" ಅಂತ ಆಗಿಬಿಡುತ್ತದೆ. ಒಮ್ಮೆ ಬಂದು ಒಮ್ಮೆ ಹೋಗುವ ತೊಂದರೆ ಇರುವವರಿಗೆ ಇದರಿಂದ ಆಗುವ ಸಂಕಟ ದೊಡ್ಡದು. ಒಂದು ಕ್ಷಣ ನನಗೇ ನನ್ನ ಮೇಲೆ ಅನುಮಾನ ಬಂತು, ನಾನೇ ಏನಾದರೂ ತಪ್ಪು ಮಾಡುತ್ತಿದ್ದೇನಾ ಅಂತ.

ಹದಿನಾಲ್ಕನೇ ದಿನ ಮತ್ತೆ ನೀಲಿ ಸ್ಕ್ರೀನ್. ಅವತ್ತು ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಅವನು ಕಂಪ್ಯೂಟರ್ ಕೆಲಸದವನಲ್ಲ, ಆದರೆ ತನ್ನದನ್ನು ತಾನೇ ಬಿಚ್ಚಿ ಜೋಡಿಸುವ ಹವ್ಯಾಸ ಇದೆ.

"ಅಕ್ಕಾ, ಪ್ರತಿ ಸಲ ಒಂದೇ ಎರರ್ ಬರುತ್ತಾ?"

"ಇಲ್ಲ ಕಣೋ, ಒಂದೊಂದು ಸಲ ಒಂದೊಂದು."

"ಹಾಗಾದ್ರೆ ರ‍್ಯಾಮ್ ನೋಡಬೇಕು. ಡ್ರೈವರ್, ಅಂದ್ರೆ ಒಂದೊಂದು ಭಾಗವನ್ನು ನಡೆಸೋ ಸಾಫ್ಟ್‌ವೇರ್, ಕೆಟ್ಟಿದ್ರೆ ಸಾಮಾನ್ಯವಾಗಿ ಒಂದೇ ಕಡೆ ಮುಗ್ಗರಿಸುತ್ತೆ. ಬೇರೆ ಬೇರೆ ಕಡೆ ಬೀಳ್ತಾ ಇದೆ ಅಂದ್ರೆ ಕೆಳಗಿನ ನೆಲವೇ ಸರಿ ಇಲ್ಲ ಅಂತ."

ಅವನು ಒಂದು ಸುಲಭದ ಪರೀಕ್ಷೆ ಹೇಳಿಕೊಟ್ಟ. ಒಂದು ದೊಡ್ಡ ಫೈಲ್ ತೆಗೆದುಕೊಂಡು ಅದರ ಚೆಕ್‌ಸಮ್ ತೆಗೆಯುವುದು. ಚೆಕ್‌ಸಮ್ ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ. ಫೈಲಿನಲ್ಲಿ ಒಂದೇ ಒಂದು ಬಿಟ್, ಅಂದರೆ 0 ಅಥವಾ 1 ಅನ್ನುವ ಅತಿ ಸಣ್ಣ ತುಣುಕು, ಬದಲಾದರೂ ಬೆರಳಚ್ಚು ಪೂರ್ತಿ ಬದಲಾಗುತ್ತದೆ. ಎಸ್‌ಎಚ್‌ಎ-256 ಅನ್ನುವ ಲೆಕ್ಕದಲ್ಲಿ ಅದು 64 ಅಕ್ಷರ ಇರುತ್ತದೆ. ವಿಂಡೋಸ್‌ನಲ್ಲಿ ಇದಕ್ಕೆ ಬೇಕಾದ ಕಮಾಂಡ್ ಇದೆ, ಬೇರೆ ಏನೂ ಹಾಕಿಕೊಳ್ಳಬೇಕಾಗಿಲ್ಲ. ಒಂದು ಹತ್ತು ಜಿಬಿ ವಿಡಿಯೊ ಫೈಲಿಗೆ ಐದು ಸಲ ತೆಗೆದೆ. ಫೈಲನ್ನು ಮುಟ್ಟಿಲ್ಲ, ತೆರೆದಿಲ್ಲ, ಏನೂ ಮಾಡಿಲ್ಲ. ನಾಲ್ಕು ಸಲ ಒಂದೇ ಉತ್ತರ ಬಂತು, ಮೂರನೆಯ ಸಲ ಮಾತ್ರ ಬೇರೆ. ಎರಡು ಉತ್ತರಗಳನ್ನೂ ಹಾಳೆಯ ಮೇಲೆ ಒಂದರ ಕೆಳಗೆ ಒಂದು ಬರೆದುಕೊಂಡು ಅಕ್ಷರ ಅಕ್ಷರ ಹೋಲಿಸಿ ನೋಡಿದೆ. ಮುಟ್ಟದ ಫೈಲಿಗೆ ಎರಡು ಬೆರಳಚ್ಚು. ಎರಡು ವಾರದಲ್ಲಿ ಮೊದಲ ಸಲ ನನಗೆ ಸಮಾಧಾನ ಆಯಿತು. ತೊಂದರೆ ನನ್ನದಲ್ಲ.

ಮಾರನೇ ರಾತ್ರಿ ಮೆಮ್‌ಟೆಸ್ಟ್86 ಪ್ಲಸ್ ಓಡಿಸಿದೆ. ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ, ಉಚಿತವಾಗಿ ಸಿಗುತ್ತದೆ. ಇದರ ಮೂಲ ಕಾರ್ಯಕ್ರಮವನ್ನು ಕ್ರಿಸ್ ಬ್ರೇಡಿ ಅನ್ನುವವರು 1994ರಲ್ಲಿ ಬರೆದದ್ದು, ಪ್ಲಸ್ ಅನ್ನುವುದು ಅದರಿಂದ ಕವಲೊಡೆದದ್ದು. ಪೆನ್‌ಡ್ರೈವ್‌ಗೆ ಹಾಕಿ, ಲ್ಯಾಪ್‌ಟಾಪಿನ ಸೆಟ್ಟಿಂಗ್‌ನಲ್ಲಿ ಗೊತ್ತಿಲ್ಲದ ಪ್ರೋಗ್ರಾಂನಿಂದ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿ, ಪೆನ್‌ಡ್ರೈವ್‌ನಿಂದಲೇ ಶುರು ಮಾಡಬೇಕು. ವಿಂಡೋಸ್ ತೆರೆಯುವುದೇ ಇಲ್ಲ, ಹಾಗಾಗಿ ಮೆಮೊರಿಯ ಹತ್ತಿರ ಹತ್ತಿರ ಎಲ್ಲ ಭಾಗವನ್ನೂ ತಟ್ಟಿ ನೋಡಲು ಅದಕ್ಕೆ ಆಗುತ್ತದೆ. ಅದು ಮಾಡುವ ಕೆಲಸ ಸರಳ. ಮೆಮೊರಿಗೆ ಒಂದು ಮಾದರಿಯನ್ನು ಬರೆಯುತ್ತದೆ, ಓದುತ್ತದೆ, ಸರಿಯಾಗಿದ್ದರೆ ಅದರ ತದ್ವಿರುದ್ಧ ಮಾದರಿಯನ್ನು ಬರೆಯುತ್ತದೆ, ಮತ್ತೆ ಓದುತ್ತದೆ. ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ, ಗಂಟೆಗಟ್ಟಲೆ.

ಮೊದಲ ಸುತ್ತು ಮುಗಿಯಿತು, ಸೊನ್ನೆ ಎರರ್. ಸರ್ವಿಸ್ ಸೆಂಟರಿನವರು ಹೇಳಿದ್ದೇ ನಿಜವಾ ಅಂತ ಅಳುಕಾಯಿತು. ಮಲಗಲಿಲ್ಲ, ಪಕ್ಕದಲ್ಲೇ ಕೂತಿದ್ದೆ. ಲ್ಯಾಪ್‌ಟಾಪಿನ ಅಡಿಭಾಗ ಚೆನ್ನಾಗಿ ಬಿಸಿಯಾಗಿತ್ತು, ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಎರಡನೇ ಸುತ್ತಿನ ಮಧ್ಯದಲ್ಲಿ, ರಾತ್ರಿ ಎರಡು ಗಂಟೆ ದಾಟಿರಬೇಕು, ನೀಲಿ ಹಿನ್ನೆಲೆಯ ಮೇಲೆ ಒಂದು ಕೆಂಪು ಸಾಲು ಬಂತು. ಐದು ನಿಮಿಷ ಬಿಟ್ಟು ಇನ್ನೊಂದು. ಆಮೇಲೆ ಮೂರು ಒಟ್ಟಿಗೆ. ಎಲ್ಲ ಸಾಲುಗಳಲ್ಲೂ ವಿಳಾಸ ಒಂದೇ, ಅಂದರೆ ಮೆಮೊರಿಯ ಒಂದೇ ಜಾಗ. ಅಲ್ಲಿ ಎಂಟು ಎಫ್ ಇರಬೇಕಿತ್ತು ಅಂತ ಒಂದು ಕಾಲಮ್, ಸಿಕ್ಕಿದ್ದು ಏನು ಅಂತ ಪಕ್ಕದ ಕಾಲಮ್. ಸಿಕ್ಕಿದ್ದರಲ್ಲಿ ಏಳು ಎಫ್, ಆರನೇ ಜಾಗದಲ್ಲಿ ಮಾತ್ರ ಬಿ. ಈ ಲೆಕ್ಕದಲ್ಲಿ ಒಂದೊಂದು ಅಕ್ಷರವೂ ನಾಲ್ಕು ಬಿಟ್‌ಗೆ ಸಮ, ಎಫ್ ಅಂದರೆ 1111, ಬಿ ಅಂದರೆ 1011. ಒಂದೇ ಒಂದು ಬಿಟ್, 1 ಇರಬೇಕಾದ ಕಡೆ 0.

ಲ್ಯಾಪ್‌ಟಾಪಿನಲ್ಲಿ 16 ಜಿಬಿ ಮೆಮೊರಿ ಇದೆ. ಅಂದರೆ ಸುಮಾರು 13,700 ಕೋಟಿ ಬಿಟ್. ಅಷ್ಟರಲ್ಲಿ ಒಂದು. ಆ ಒಂದು ನನ್ನ ಅಮ್ಮನ ಅರ್ಧ ಮುಖವನ್ನು ಅಳಿಸಿತ್ತು. ಜೆಪೆಗ್ ಫೋಟೊದಲ್ಲಿ ಮಾಹಿತಿಯನ್ನು ಒತ್ತಿ ಒತ್ತಿ ಸಣ್ಣದು ಮಾಡಿ ಸರಪಳಿಯ ಹಾಗೆ ಇಟ್ಟಿರುತ್ತಾರೆ, ಮಧ್ಯದಲ್ಲಿ ಒಂದು ಬಿಟ್ ತಪ್ಪಿದರೂ ಅಲ್ಲಿಂದ ಮುಂದೆ ಓದುವ ಸಾಫ್ಟ್‌ವೇರ್‌ಗೆ ದಾರಿ ತಪ್ಪಬಹುದು. ಮೇಲಿನ ಅರ್ಧ ಸರಿಯಾಗಿದ್ದು ಕೆಳಗಿನದು ಜರುಗಿದ್ದು ಅದಕ್ಕೇ.

ಕಾರ್ಖಾನೆಯಲ್ಲಿ ಇದು ಯಾಕೆ ಸಿಕ್ಕಿಬೀಳಲಿಲ್ಲ ಅನ್ನುವುದನ್ನು ತಿಳಿದುಕೊಳ್ಳದೆ ನನಗೆ ಮನಸ್ಸು ಸುಮ್ಮನಾಗಲಿಲ್ಲ. ಮೆಮೊರಿಯ ಒಂದೊಂದು ಬಿಟ್ ಕೂಡ ಒಂದು ಪುಟ್ಟ ಕೆಪಾಸಿಟರ್, ಅದರಲ್ಲಿ ಚಾರ್ಜ್ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಅಂತ ಲೆಕ್ಕ. ಆದರೆ ಅದು ಸೋರುವ ಕೊಡ. ಆ ಸೋರಿಕೆಯಿಂದ ತುಂಬಿದ್ದು ಖಾಲಿಯಾಗುವ ಮುಂಚೆ ಮತ್ತೆ ತುಂಬುತ್ತಾ ಇರಬೇಕು, ಡಿಡಿಆರ್4 ಅನ್ನುವ ಬಗೆಯ ಮೆಮೊರಿಯಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಎಲ್ಲ ಕೊಡಗಳನ್ನೂ ಒಂದು ಸಲ ತುಂಬಿಸಿಬಿಡುತ್ತಾರೆ. ಬಿಸಿ ಜಾಸ್ತಿ ಆದಷ್ಟೂ ಸೋರುವುದೂ ಜಾಸ್ತಿ. ಎಲ್ಲ ಕೊಡಗಳೂ 64 ಮಿಲಿಸೆಕೆಂಡ್ ತಾಳುವಂತೆ ಮಾಡಿರುತ್ತಾರೆ, ಎಲ್ಲೋ ಒಂದು ಸ್ವಲ್ಪ ದುರ್ಬಲ ಇರುತ್ತದೆ. ತಣ್ಣಗಿದ್ದಾಗ ಅದೂ ತಾಳುತ್ತದೆ, ಬಿಸಿಯಾದಾಗ ತಾಳುವುದಿಲ್ಲ. ಹದಿನೈದು ನಿಮಿಷದ ಟೆಸ್ಟಿನಲ್ಲಿ ಲ್ಯಾಪ್‌ಟಾಪ್ ಸರಿಯಾಗಿ ಬಿಸಿಯೂ ಆಗುವುದಿಲ್ಲ. ನನ್ನದು ಹೀಗೇ ಆಗಿರಬೇಕು ಅಂತ ತಮ್ಮನ ಊಹೆ, ಮೊದಲ ಸುತ್ತಿನಲ್ಲಿ ಏನೂ ಬರದೆ ಬಿಸಿಯಾದ ಮೇಲೆ ಬಂದದ್ದು ನೋಡಿದರೆ ನನಗೂ ಹಾಗೇ ಅನಿಸುತ್ತದೆ. ದೊಡ್ಡ ಸರ್ವರ್‌ಗಳಲ್ಲಿ ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ ಹಾಕುತ್ತಾರೆ. ನಮ್ಮಂಥವರ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಎಲೆಕ್ಟ್ರಾನಿಕ್ಸ್ ತಯಾರಿಸುವವರಿಗೆ ಇದೇನೂ ಹೊಸ ವಿಷಯ ಅಲ್ಲ. ವಸ್ತುಗಳು ಕೆಡುವ ಲೆಕ್ಕವನ್ನು ಗೆರೆ ಎಳೆದು ತೋರಿಸಿದರೆ ಅದು ಸ್ನಾನದ ತೊಟ್ಟಿಯ ಆಕಾರದಲ್ಲಿ ಬರುತ್ತದೆ ಅಂತ ಅವರೇ ಹೇಳುತ್ತಾರೆ, ಬಾತ್‌ಟಬ್ ಕರ್ವ್ ಅಂತಲೇ ಹೆಸರು. ಶುರುವಿನಲ್ಲಿ ಜಾಸ್ತಿ ಕೆಡುತ್ತವೆ, ಆಮೇಲೆ ವರ್ಷಗಟ್ಟಲೆ ಕಮ್ಮಿ, ವಯಸ್ಸಾದ ಮೇಲೆ ಮತ್ತೆ ಜಾಸ್ತಿ. ಆ ಮೊದಲ ಏರು ಕೊಳ್ಳುವವರ ಮನೆಯಲ್ಲಿ ಆಗದೆ ಕಾರ್ಖಾನೆಯಲ್ಲೇ ಆಗಿಹೋಗಲಿ ಅಂತ ಬರ್ನ್-ಇನ್ ಮಾಡುವ ಪದ್ಧತಿ ಇದೆ, ಅಂದರೆ ಬಿಸಿಯಲ್ಲಿಟ್ಟು ಗಂಟೆಗಟ್ಟಲೆ ಓಡಿಸಿ, ದುರ್ಬಲವಾದದ್ದು ಅಲ್ಲೇ ಬಿದ್ದುಹೋಗಲಿ ಅಂತ. ಅದಕ್ಕೆ ಸಮಯ ಬೇಕು, ಜಾಗ ಬೇಕು, ಕರೆಂಟ್ ಬೇಕು. ಎಷ್ಟು ಹೊತ್ತು ಓಡಿಸಬೇಕು ಅನ್ನುವುದು ದುಡ್ಡಿನ ಲೆಕ್ಕ. ಅದನ್ನು ಕಮ್ಮಿ ಮಾಡಿದಷ್ಟೂ ಉಳಿದ ಪರೀಕ್ಷೆ ನಮ್ಮ ಮೇಜಿನ ಮೇಲೆ, ನಮ್ಮ ಫೋಟೊಗಳ ಮೇಲೆ ನಡೆಯುತ್ತದೆ. ಲಕ್ಷಾಂತರ ಮಾಡುವಾಗ ಒಂದೆರಡು ಕೆಟ್ಟದ್ದು ಹೊರಗೆ ಬಂದೇ ಬರುತ್ತದೆ, ಅದು ನನಗೆ ಅರ್ಥ ಆಗುತ್ತದೆ, ಅದಕ್ಕೆ ನಾನು ಜಗಳ ಆಡುವುದಿಲ್ಲ. ಆದರೆ ಮೊದಲ ದಿನಗಳಲ್ಲೇ ಜಾಸ್ತಿ ಕೆಡುತ್ತವೆ ಅಂತ ಗೊತ್ತಿದ್ದವರು, ಮೂರನೇ ದಿನ ಫೋನ್ ಬಂದಾಗ ಮೊದಲು ನನ್ನನ್ನೇ ಯಾಕೆ ಅನುಮಾನಿಸಬೇಕು?

ಇದನ್ನೆಲ್ಲ ಹುಡುಕಿ ಓದುವಾಗ 1994ರ ಪೆಂಟಿಯಂ ಕಥೆ ಸಿಕ್ಕಿತು. ಪೆಂಟಿಯಂ ಅಂದರೆ ಇಂಟೆಲ್ ಕಂಪನಿಯ ಪ್ರೊಸೆಸರ್, ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಚಿಪ್. ಅಮೆರಿಕದ ಲಿಂಚ್‌ಬರ್ಗ್ ಕಾಲೇಜಿನ ಗಣಿತದ ಪ್ರೊಫೆಸರ್ ಥಾಮಸ್ ನೈಸ್ಲಿ ಅವಿಭಾಜ್ಯ ಸಂಖ್ಯೆಗಳ ಮೇಲೆ ಲೆಕ್ಕ ಮಾಡುತ್ತಿದ್ದಾಗ ಉತ್ತರ ತಾಳೆಯಾಗಲಿಲ್ಲ. ತನ್ನ ಪ್ರೋಗ್ರಾಂ ತಪ್ಪಾ, ಬೇರೆ ಭಾಗ ತಪ್ಪಾ ಅಂತ ಒಂದೊಂದನ್ನೇ ತೆಗೆದುಹಾಕುತ್ತಾ ಹೋಗಿ, ತಿಂಗಳುಗಳ ಮೇಲೆ ತಪ್ಪು ಇಂಟೆಲ್‌ನ ಪ್ರೊಸೆಸರ್ ಒಳಗೇ ಇದೆ ಅಂತ ಖಚಿತ ಮಾಡಿಕೊಂಡರು. ಆಗ ಎಲ್ಲರೂ ಮಾಡಿ ನೋಡಿದ ಒಂದು ಲೆಕ್ಕ ಇದೆ: 4195835 ಅನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು, ಆ ಪ್ರೊಸೆಸರ್ 1.33374 ಅನ್ನುತ್ತಿತ್ತು. ಕಂಪನಿ ಮೊದಲು ಹೇಳಿದ್ದೇನು ಗೊತ್ತಾ, ಈ ತಪ್ಪಿನಿಂದ ನಿಮ್ಮ ಕೆಲಸಕ್ಕೆ ತೊಂದರೆ ಆಗುತ್ತದೆ ಅಂತ ತೋರಿಸಿಕೊಟ್ಟವರಿಗೆ ಬದಲಾಯಿಸಿಕೊಡುತ್ತೇವೆ ಅಂತ. ಜನ ಸಿಟ್ಟಾದರು. 1994ರ ಡಿಸೆಂಬರ್ 20ರಂದು, ಕೇಳಿದವರಿಗೆಲ್ಲ ಕಾರಣ ಕೇಳದೆ ಬದಲಾಯಿಸಿಕೊಡುತ್ತೇವೆ ಅಂತ ಹೇಳಬೇಕಾಯಿತು. ಒಟ್ಟು 47.5 ಕೋಟಿ ಡಾಲರ್ ಖರ್ಚು ತೋರಿಸಿದರು. ಇದನ್ನು ಓದಿದಾಗ ನನಗೆ ಧೈರ್ಯ ಬಂತು. ಒಬ್ಬ ಗಣಿತದ ಮೇಷ್ಟ್ರಿಗೇ ಅಷ್ಟು ತಿಂಗಳು ಹಿಡಿದಿದ್ದರೆ ನನಗೆ ಎರಡು ವಾರ ಹಿಡಿದದ್ದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ.

ಹದಿನೇಳನೇ ದಿನ ಮತ್ತೆ ಸರ್ವಿಸ್ ಸೆಂಟರ್. ಕೆಂಪು ಸಾಲುಗಳ ಫೋಟೊ, ವಿಡಿಯೊ, ಚೆಕ್‌ಸಮ್ ಬರೆದ ಹಾಳೆ, ಎಲ್ಲ ಇಟ್ಟೆ. ಕೌಂಟರಿನಲ್ಲಿದ್ದವರು "ಇದು ನಮ್ಮ ಟೂಲ್ ಅಲ್ಲ ಮೇಡಂ, ಇದನ್ನು ನಾವು ಒಪ್ಪುವ ಹಾಗಿಲ್ಲ" ಅಂದರು. ಸರಿ, ನಿಮ್ಮ ಟೂಲ್‌ನಲ್ಲೇ ಕ್ವಿಕ್ ಟೆಸ್ಟ್ ಬಿಟ್ಟು ಉದ್ದದ ಟೆಸ್ಟ್ ಇದ್ದರೆ ಅದನ್ನು ನಾಲ್ಕು ಗಂಟೆ ಓಡಿಸಿ, ನಾನು ಇಲ್ಲೇ ಕೂತಿರುತ್ತೇನೆ ಅಂದೆ. ಒಳಗಿನಿಂದ ಒಬ್ಬ ವಯಸ್ಸಾದ ಟೆಕ್ನಿಷಿಯನ್ ಬಂದರು. ವಿಡಿಯೊ ನೋಡಿದರು, ಹಾಳೆ ನೋಡಿದರು, ಏನೂ ಮಾತಾಡದೆ ಲ್ಯಾಪ್‌ಟಾಪ್ ಒಳಗೆ ತೆಗೆದುಕೊಂಡು ಹೋದರು. ಮೂರು ಗಂಟೆಯ ಮೇಲೆ ಹೊರಗೆ ಬಂದು, "ಬಂತಮ್ಮ, ನೀವು ಹೇಳಿದ್ದು ಸರಿ" ಅಂದರು. ಅವರಿಗೆ ನಾನು ಋಣಿ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಬದಲಾಯಿಸಿಕೊಡುವ ಅವಧಿ ಹತ್ತು ದಿನ, ನಿಮಗೆ ಹದಿನೇಳು ದಿನ ಆಗಿದೆ, ಈಗ ರಿಪೇರಿ ಮಾತ್ರ ಅಂದರು. ಈ ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಅನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಹಾಗಾಗಿ ರ‍್ಯಾಮ್ ಬದಲಾಯಿಸುವುದು ಅಂದರೆ ಬೋರ್ಡನ್ನೇ ಬದಲಾಯಿಸುವುದು. ಅಂದರೆ ಎರಡು ವಾರದ ಲ್ಯಾಪ್‌ಟಾಪ್ ಬಿಚ್ಚಿ, ಅದರ ಮುಖ್ಯ ಭಾಗವನ್ನೇ ತೆಗೆದು, ಬೇರೆ ಹಾಕಿ ಕೊಡುತ್ತಾರೆ. ಬರುವ ಬೋರ್ಡ್ ಹೊಸದಾ ಅಂತ ಕೇಳಿದೆ. "ಹೊಸದೇ ಇರಬಹುದು, ಇಲ್ಲ ಹೊಸದರಂತೆ ಸರಿಮಾಡಿದ್ದು ಇರಬಹುದು" ಅಂದರು. ನಾನು ಹಣ ಕೊಟ್ಟಿದ್ದು ಹೊಸದಕ್ಕೆ, ಸರಿಮಾಡಿದ್ದಕ್ಕೆ ಅಲ್ಲ. ಅಷ್ಟು ಹೊತ್ತು ಸಮಾಧಾನವಾಗಿದ್ದವಳಿಗೆ ಆಗ ಗಂಟಲು ಕಟ್ಟಿ ಬಂತು.

ಮೂರನೇ ದಿನದ ಕಂಪ್ಲೇಂಟ್ ನಂಬರ್ ತೆಗೆದು ತೋರಿಸಿದೆ. ಹತ್ತು ದಿನದೊಳಗೆ ನಾನು ಹೇಳಿದ್ದೇನೆ. ಒಂಬತ್ತನೇ ದಿನ ತಂದು ಕೊಟ್ಟಿದ್ದೇನೆ. ತೊಂದರೆ ಇಲ್ಲ ಅಂತ ಬರೆದು ವಾಪಸ್ ಕಳಿಸಿದವರು ನೀವು. ನೀವು ಹುಡುಕದೆ ಕಳೆದ ದಿನಗಳನ್ನು ನನ್ನ ಲೆಕ್ಕಕ್ಕೆ ಹಾಕುವುದು ಯಾವ ನ್ಯಾಯ ಅಂತ ಕೇಳಿದೆ. ಇದನ್ನೇ ಪತ್ರದಲ್ಲೂ ಬರೆದೆ, ದಿನಾಂಕಗಳನ್ನು ಹಾಕಿ, ಎರಡೂ ಜಾಬ್ ಶೀಟ್ ಜೊತೆಗಿಟ್ಟು.

ಕೆಲವು ದೇಶಗಳ ಕಾನೂನು ಈ ವಿಷಯವನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದೆ. ಐರೋಪ್ಯ ಒಕ್ಕೂಟದ 2019ರ ನಿರ್ದೇಶನದ ಪ್ರಕಾರ, ವಸ್ತು ಕೈಗೆ ಬಂದ ಒಂದು ವರ್ಷದೊಳಗೆ ಕೊರತೆ ಕಂಡರೆ ಅದು ಕೊಟ್ಟಾಗಲೇ ಇತ್ತು ಅಂತ ಮೊದಲು ಎಣಿಸಬೇಕು, ಅಲ್ಲ ಅನ್ನುವುದಾದರೆ ಮಾರಿದವರೇ ತೋರಿಸಬೇಕು. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ, ಕೊರತೆ ಇರುವ ವಸ್ತುವನ್ನು 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ಹಣ ಪಡೆಯಬಹುದು. ಆರು ತಿಂಗಳೊಳಗೆ ರಿಪೇರಿ ಅಥವಾ ಬದಲಿ ಕೇಳಿದರೆ ಅಲ್ಲೂ ಸಾಬೀತಿನ ಭಾರ ಮಾರಿದವರ ಮೇಲೆ. ನನಗೆ ಬೇಕಾಗಿದ್ದದ್ದೂ ಇಷ್ಟೇ. ರಾತ್ರಿ ಎರಡು ಗಂಟೆಗೆ ಕೆಂಪು ಸಾಲಿಗಾಗಿ ಕಾಯುತ್ತಾ ಕೂರುವ ಕೆಲಸ ನನ್ನದಲ್ಲ. ತಮ್ಮನಂಥವನು ಒಬ್ಬ ಇಲ್ಲದಿದ್ದರೆ, ಇಂಗ್ಲಿಷ್ ಓದಲು ಬಾರದಿದ್ದರೆ, ನಾಲ್ಕು ಗಂಟೆ ಸರ್ವಿಸ್ ಸೆಂಟರಿನಲ್ಲಿ ಕೂರಲು ರಜೆ ಸಿಗದಿದ್ದರೆ ಏನಾಗುತ್ತಿತ್ತು? "ನೋ ಫಾಲ್ಟ್ ಫೌಂಡ್" ಅನ್ನುವ ಹಾಳೆ ಹಿಡಿದುಕೊಂಡು, ಕೆಟ್ಟ ಲ್ಯಾಪ್‌ಟಾಪನ್ನೇ ವರ್ಷಗಟ್ಟಲೆ ಬಳಸುತ್ತಾ, ಹಾಳಾದ ಫೈಲುಗಳಿಗೆ ತಮ್ಮನ್ನೇ ಬೈದುಕೊಳ್ಳುತ್ತಾ ಇರುವವರು ಎಷ್ಟು ಜನ ಇದ್ದಾರೋ.

ಇಪ್ಪತ್ತಾರನೇ ದಿನ ಬದಲಿ ಲ್ಯಾಪ್‌ಟಾಪ್ ಬಂತು. ಸೀಲ್ ಒಡೆಯದ ಬಾಕ್ಸ್, ಹೊಸದು. ಈ ಸಲ ಏನನ್ನೂ ಹಾಕುವ ಮುಂಚೆ ಪೆನ್‌ಡ್ರೈವ್ ಚುಚ್ಚಿದೆ. ರಾತ್ರಿ ಪೂರ್ತಿ ಓಡಿಸಿದೆ, ಆರು ಸುತ್ತು, ಒಂದೂ ಕೆಂಪು ಸಾಲಿಲ್ಲ. ಆಮೇಲೆ ಫೋಟೊಗಳನ್ನು ಹಳೆಯದರಿಂದ ಮತ್ತೆ ತಂದು, ಎರಡೂ ಕಡೆ ಚೆಕ್‌ಸಮ್ ತೆಗೆದು, ತಮ್ಮ ಬರೆದುಕೊಟ್ಟ ಒಂದು ಸಣ್ಣ ಸ್ಕ್ರಿಪ್ಟ್‌ನಿಂದ ಹೋಲಿಸಿದೆ. ಎಲ್ಲ ತಾಳೆಯಾದವು. ರೀಸೆಟ್ ಮಾಡುವ ಮುಂಚೆ ಮೊದಲ ಲ್ಯಾಪ್‌ಟಾಪಿನಿಂದ ಪಕ್ಕಕ್ಕೆ ತೆಗೆದಿಟ್ಟಿದ್ದ ಕಾಪಿಗಳನ್ನೂ ಹೋಲಿಸಿ ನೋಡಿದೆ. ಇಪ್ಪತ್ತಮೂರು ಫೋಟೊ ತಾಳೆಯಾಗಲಿಲ್ಲ. ಅದರಲ್ಲಿ ಹದಿನಾಲ್ಕನ್ನು ತೆರೆದು ನೋಡಿದರೆ ಕಣ್ಣಿಗೆ ಏನೂ ವ್ಯತ್ಯಾಸವೇ ಕಾಣುವುದಿಲ್ಲ, ಎಲ್ಲೋ ಒಂದು ಚುಕ್ಕೆ ಬದಲಾಗಿದೆ ಅಷ್ಟೇ. ನನ್ನನ್ನು ಜಾಸ್ತಿ ಹೆದರಿಸಿದ್ದು ಅವೇ. ಅಮ್ಮನ ಫೋಟೊ ಅಷ್ಟು ಕೆಟ್ಟದಾಗಿ ಹಾಳಾಗಿರದಿದ್ದರೆ ನಾನು ಹಳೆಯದನ್ನು ಆ ವಾರವೇ ಅಳಿಸಿ, ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಡುತ್ತಿದ್ದೆ. ಮಾತು ಕೊಟ್ಟಿದ್ದೆ ಅವನಿಗೆ.

ಕಂಪನಿಗೆ ಇನ್ನೊಂದು ಪತ್ರ ಬರೆದಿದ್ದೇನೆ. ಹಣ ಕೇಳಿಲ್ಲ. ಹೊಸದಾಗಿ ಕೊಂಡವರು ಮೊದಲ ತಿಂಗಳಲ್ಲಿ ತೊಂದರೆ ಅಂತ ತಂದರೆ ಕ್ವಿಕ್ ಟೆಸ್ಟ್‌ಗೆ ನಿಲ್ಲಿಸದೆ ಒಂದು ರಾತ್ರಿ ಪೂರ್ತಿ ಮೆಮೊರಿ ಟೆಸ್ಟ್ ಓಡಿಸಿ ಅಂತ ಕೇಳಿದ್ದೇನೆ. ಹೇಗಿದ್ದರೂ ಮೂರು ದಿನ ಅಲ್ಲೇ ಇರುತ್ತದೆ, ರಾತ್ರಿ ಹೊತ್ತು ಅದನ್ನು ಯಾರೂ ಮುಟ್ಟುವುದಿಲ್ಲ. "ನಿಮ್ಮ ಸಲಹೆಯನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳಿಸಿದ್ದೇವೆ" ಅಂತ ಉತ್ತರ ಬಂದಿದೆ. ಯಾವ ವಿಭಾಗ, ಅವರು ಏನು ಹೇಳಿದರು ಅಂತ ಮತ್ತೆ ಕೇಳಿದ್ದೇನೆ.

ಹಳೆಯ ಲ್ಯಾಪ್‌ಟಾಪ್ ಇನ್ನೂ ಮೇಜಿನ ಮೇಲೇ ಇದೆ. ಪಕ್ಕದ ಮನೆಯ ಹುಡುಗನಿಗೆ ಇನ್ನೂ ಒಂದು ತಿಂಗಳು ತಡೆಯಪ್ಪ ಅಂದಿದ್ದೇನೆ.